ದುಡ್ಡಿದ್ದಿದ್ದರೆ ಆ ಕೊನೆ ಉಳಿಯುತ್ತಿರಲಿಲ್ಲ

ಓದುಗರ ಪತ್ರ: ಸಂಪಾದಕರಿಗೆ ನಮಸ್ಕಾರ. ಕಾಲೇಜಿಗೆ ಹೋಗುವ ಮಗಳ ಒತ್ತಾಯಕ್ಕೆ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಎಂಬ ಹಳೇ ಅಮೆರಿಕನ್ ಹಾರರ್ ಸಿನಿಮಾ ನೋಡಿದೆ. ಕಪ್ಪು ಬಿಳುಪು, ಅದೂ ಮಸುಕು ಮಸುಕು. ಸತ್ತವರು ಎದ್ದು ತೂರಾಡುತ್ತಾ ಬರುತ್ತಾರೆ, ಜೋರಾಗಿ ಓಡಿದರೆ ಯಾರಾದರೂ ತಪ್ಪಿಸಿಕೊಳ್ಳಬಹುದು. ನಾಯಕಿ ಅರ್ಧ ಸಿನಿಮಾ ಸೋಫಾ ಮೇಲೆ ಮಾತಿಲ್ಲದೆ ಕೂತಿರುತ್ತಾಳೆ. ಕೊನೆಯಂತೂ ಅನ್ಯಾಯ. ನನಗೆ ನಗು ಬಂತು. ಮಗಳಿಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲವಂತೆ. ‘ಇದು ದೊಡ್ಡ ಸಿನಿಮಾ, ನಿಮಗೆ ಗೊತ್ತಾಗಲಿಲ್ಲ ಅಪ್ಪಾ’ ಅಂತಾಳೆ. ಕಡಿಮೆ ಖರ್ಚಿನದು ಅಂತ ರಿಯಾಯಿತಿ ಕೊಡೋಣ, ಆದರೆ ಹೀಗೆ ತಲೆ ಮೇಲೆ ಹೊತ್ತುಕೊಳ್ಳಬೇಕಾ? – ದಾವಣಗೆರೆಯ ಓದುಗರೊಬ್ಬರು

ಸಂಪಾದಕರ ಉತ್ತರ: ನಿಮ್ಮ ಪತ್ರ ಓದಿ ಖುಷಿಯಾಯಿತು. ಸಿನಿಮಾ ನೋಡಿ ಅಪ್ಪ ಮಗಳು ಜಗಳವಾಡುವ ಮನೆ ಒಳ್ಳೆಯ ಮನೆ. ಆದರೆ ಈ ಜಗಳದಲ್ಲಿ ನಾನು ನಿಮ್ಮ ಮಗಳ ಕಡೆ.

ಮೊದಲು ನಿಮ್ಮ ದೂರಿನಲ್ಲಿ ಸರಿಯಿರುವುದನ್ನು ಒಪ್ಪಿಬಿಡುತ್ತೇನೆ. ಕೆಲವು ಪಾತ್ರಧಾರಿಗಳು ಸಂಭಾಷಣೆಯನ್ನು ಪಾಠ ಒಪ್ಪಿಸಿದ ಹಾಗೆ ಹೇಳುತ್ತಾರೆ, ನಿಜ. ನೀವು ನೋಡಿದ ಪ್ರತಿ ಮಸುಕಾಗಿತ್ತು ಎಂಬುದನ್ನೂ ನಂಬುತ್ತೇನೆ. ಅದಕ್ಕೆ ಕಾರಣವಿದೆ. ಈ ಚಿತ್ರಕ್ಕೆ ಮೊದಲು ಇಟ್ಟಿದ್ದ ಹೆಸರೇ ಬೇರೆ. ಬಿಡುಗಡೆಗೆ ಮುಂಚೆ ವಿತರಕರು ಹೆಸರು ಬದಲಾಯಿಸಿದರು. ಹಳೇ ಶೀರ್ಷಿಕೆ ತೆಗೆದಾಗ ಅದರ ಜೊತೆಗಿದ್ದ ಕಾಪಿರೈಟ್ ಸೂಚನೆಯೂ ಹೋಯಿತು, ಹೊಸದರಲ್ಲಿ ಯಾರೂ ಹಾಕಲಿಲ್ಲ. ಆಗಿನ ಅಮೆರಿಕದ ಕಾನೂನಿನಲ್ಲಿ ಆ ಒಂದು ಸಾಲು ಇಲ್ಲದಿದ್ದರೆ ಹಕ್ಕೂ ಇಲ್ಲ. ಸಿನಿಮಾ ಎಲ್ಲರ ಸ್ವತ್ತಾಯಿತು. ಪ್ರತಿಯ ಪ್ರತಿಯ ಪ್ರತಿ ಮಾಡಿ ಯಾರ್ಯಾರೋ ಮಾರಿಕೊಂಡರು. ಕೋಟಿಗಟ್ಟಲೆ ಡಾಲರ್ ಗಳಿಸಿದ ಚಿತ್ರದಿಂದ ಮಾಡಿದವರ ಕೈಗೆ ಸಿಕ್ಕಿದ್ದು ಚಿಲ್ಲರೆ. ಅದರ ಮೇಲೆ ಮಸುಕು ಚಿತ್ರ ಎಂಬ ಹೆಸರು ಬೇರೆ. ನೀವು ಬೈದದ್ದು ಆ ಕೆಟ್ಟ ಪ್ರತಿಗೆ.

ಇನ್ನು ಕಡಿಮೆ ಖರ್ಚಿನ ವಿಷಯ. ನಿರ್ದೇಶಕ ಜಾರ್ಜ್ ರೊಮೆರೊ ಮತ್ತು ಗೆಳೆಯರು ಪಿಟ್ಸ್‌ಬರ್ಗ್ ನಗರದಲ್ಲಿ ಜಾಹೀರಾತು ಚಿತ್ರ ಮಾಡಿಕೊಂಡಿದ್ದವರು. ಹತ್ತು ಜನ ಸೇರಿ ತಲಾ 600 ಡಾಲರ್ ಹಾಕಿ 6,000 ಡಾಲರಿನಲ್ಲಿ ಶುರು ಮಾಡಿದರು. ಅಲ್ಲಿ ಇಲ್ಲಿ ಹೊಂದಿಸಿ ಮುಗಿಸುವಾಗ ಒಟ್ಟು ಖರ್ಚು ಸುಮಾರು 1,14,000 ಡಾಲರ್. 1967ರಲ್ಲಿ ಹತ್ತಿರದ ಇವಾನ್ಸ್ ಸಿಟಿ ಎಂಬ ಊರಿನ ಸ್ಮಶಾನದಲ್ಲಿ, ಕೆಡವಲು ಬಿಟ್ಟಿದ್ದ ಒಂದು ತೋಟದ ಮನೆಯಲ್ಲಿ ಚಿತ್ರೀಕರಣ. ಹೇಗೂ ಬೀಳುವ ಮನೆ, ಗೋಡೆಗೆ ಎಷ್ಟು ಮೊಳೆ ಹೊಡೆದರೂ ಕೇಳುವವರಿಲ್ಲ. ರಕ್ತಕ್ಕೆ ಚಾಕೊಲೇಟ್ ಸಿರಪ್. ಕಪ್ಪು ಬಿಳುಪಿನಲ್ಲಿ ಅದೇ ರಕ್ತದ ಹಾಗೆ ಕಾಣುತ್ತದೆ. ದುಡ್ಡು ಹಾಕಿದವರಲ್ಲಿ ಒಬ್ಬರಿಗೆ ಮಾಂಸದ ವ್ಯಾಪಾರವಿತ್ತು, ಹಾಗಾಗಿ ಕರುಳು ಗಿರುಳು ನಿಜವಾದದ್ದೇ ಬಂತು.

ಇದನ್ನೆಲ್ಲ ಹೇಳಿದ್ದು ‘ಪಾಪ, ಕಷ್ಟಪಟ್ಟಿದ್ದಾರೆ’ ಅಂತ ನಿಮ್ಮ ಕನಿಕರ ಗಿಟ್ಟಿಸಲು ಅಲ್ಲ. ನೀವು ಕೊಡುವ ರಿಯಾಯಿತಿ ಈ ಚಿತ್ರಕ್ಕೆ ಬೇಕಾಗಿಲ್ಲ. ದುಡ್ಡಿಲ್ಲದ್ದಕ್ಕೇ ಅದಕ್ಕೆ ಈ ಬಲ ಬಂದದ್ದು.

ನೋಡದ ಓದುಗರು ಮುಂದಿನ ಎರಡು ಪ್ಯಾರಾ ಬಿಟ್ಟುಬಿಡಿ. ನೆಲಮಾಳಿಗೆಯ ಜಗಳ ನಿಮಗೆ ನೆನಪಿದೆಯಾ? ಹೊರಗೆ ಸತ್ತವರು ಮುತ್ತಿಕೊಂಡಿದ್ದಾರೆ. ಕೂಪರ್ ಎಂಬ ಸಿಡುಕ, ಎಲ್ಲರೂ ಕೆಳಗಿಳಿದು ಬಾಗಿಲು ಹಾಕಿಕೊಳ್ಳೋಣ ಅನ್ನುತ್ತಾನೆ. ನಾಯಕ ಬೆನ್‌ಗೆ ಅದು ಸಾವಿನ ಬೋನು. ಮೇಜು ಮುರಿದು, ಬಾಗಿಲು ಕಿತ್ತು, ಒಂದೊಂದೇ ಕಿಟಕಿಗೆ ಹಲಗೆ ಬಡಿಯುತ್ತಾನೆ. ಎಷ್ಟೋ ಹೊತ್ತು ಸುತ್ತಿಗೆಯ ಸದ್ದೇ ಕೇಳುತ್ತದೆ. ನಾವು ಬೆನ್ ಕಡೆ ವಾಲುತ್ತೇವೆ, ಅವನು ಚುರುಕು, ಧೈರ್ಯವಂತ. ಕೂಪರ್ ಅಂದರೆ ಮೈ ಉರಿಯುತ್ತದೆ. ಕೊನೆಗೆ ಏನಾಗುತ್ತದೆ? ಹಲಗೆಗಳು ಕಿತ್ತುಬರುತ್ತವೆ. ಉಳಿದವರೆಲ್ಲ ಸಾಯುತ್ತಾರೆ. ಬೆನ್ ಬೆಳಗಿನವರೆಗೆ ಬದುಕುವುದು ತಾನು ಬೇಡ ಅಂದ ಅದೇ ನೆಲಮಾಳಿಗೆಯಲ್ಲಿ! ಯಾರೂ ಬಾಯಿಬಿಟ್ಟು ಇದನ್ನು ಹೇಳುವುದಿಲ್ಲ, ಹಿನ್ನೆಲೆ ಸಂಗೀತ ಮೊಳಗಿಸಿ ತೋರಿಸುವುದೂ ಇಲ್ಲ. ನಿಮ್ಮ ಮಗಳಿಗೆ ನಿದ್ದೆ ಬಾರದಿದ್ದರೆ ನನಗೆ ಆಶ್ಚರ್ಯವಿಲ್ಲ.

ಆಮೇಲೆ ನೀವು ಅನ್ಯಾಯ ಅಂದ ಕೊನೆ. ಬೆಳಕು ಹರಿದಿದೆ, ಬಂದೂಕು ಹಿಡಿದ ಜನ, ಪೊಲೀಸರು ಬರುತ್ತಿದ್ದಾರೆ. ಬೆನ್ ಮೇಲೆ ಬಂದು ಕಿಟಕಿಯಲ್ಲಿ ಇಣುಕುತ್ತಾನೆ. ಅವನನ್ನೂ ಸತ್ತವನೆಂದುಕೊಂಡು ಹಣೆಗೆ ಗುಂಡು ಹೊಡೆಯುತ್ತಾರೆ. ಅಲ್ಲಿಂದ ಮುಂದೆ ಚಿತ್ರ ಓಡುವುದಿಲ್ಲ. ಪತ್ರಿಕೆಯಲ್ಲಿ ಬರುವಂಥ ಒರಟು ಸ್ಥಿರಚಿತ್ರಗಳು ಒಂದಾದ ಮೇಲೊಂದು. ಕೈಯಲ್ಲಿ ಮಾಂಸದ ಕೊಕ್ಕೆ, ಎಳೆದೊಯ್ಯುವ ಹೆಣ, ಕಟ್ಟಿಗೆಯ ರಾಶಿ. ಬೆನ್ ಪಾತ್ರ ಮಾಡಿದ ಡ್ವೇನ್ ಜೋನ್ಸ್ ಕಪ್ಪು ಜನಾಂಗದ ನಟ. ಬರೆಯುವಾಗ ಆ ಪಾತ್ರಕ್ಕೆ ಜನಾಂಗ ಗೊತ್ತುಮಾಡಿರಲಿಲ್ಲ, ಬಂದವರಲ್ಲಿ ಚೆನ್ನಾಗಿ ಮಾಡಿದ್ದು ಅವರು ಅಂತ ಆರಿಸಿದರು. ಇಡೀ ಚಿತ್ರದಲ್ಲಿ ಒಬ್ಬರೂ ಅವನ ಬಣ್ಣದ ಮಾತೆತ್ತುವುದಿಲ್ಲ. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಕೊಂದರು. ಸಿದ್ಧವಾದ ಪ್ರತಿಯನ್ನು ಕಾರಿನಲ್ಲಿಟ್ಟುಕೊಂಡು ವಿತರಕರನ್ನು ಹುಡುಕಲು ನ್ಯೂಯಾರ್ಕ್ ಕಡೆ ಹೋಗುತ್ತಿದ್ದಾಗ ಆ ಸುದ್ದಿ ರೇಡಿಯೊದಲ್ಲಿ ಕೇಳಿದೆವು ಎಂದು ರೊಮೆರೊ ಹೇಳಿಕೊಂಡಿದ್ದಾರೆ. ಆ ವರ್ಷದ ಅಮೆರಿಕದಲ್ಲಿ, ಬಂದೂಕು ಹಿಡಿದ ಬಿಳಿಯರ ಗುಂಪು ಒಬ್ಬ ಕಪ್ಪು ಮನುಷ್ಯನ ಹೆಣವನ್ನು ಕೊಕ್ಕೆಯಲ್ಲಿ ಎಳೆಯುವ ಆ ಚಿತ್ರಗಳನ್ನು ಜನ ಹೇಗೆ ನೋಡಿರಬಹುದು, ಸ್ವಲ್ಪ ಯೋಚಿಸಿ.

ಈಗ ಹೇಳಿ, ದೊಡ್ಡ ಕಂಪನಿಯ ದುಡ್ಡಿದ್ದಿದ್ದರೆ ಈ ಕೊನೆ ಉಳಿಯುತ್ತಿತ್ತಾ? ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್ ಎಂಬ ಕಂಪನಿ ಕೊನೆ ಬದಲಾಯಿಸಿದರೆ ಚಿತ್ರ ಕೊಳ್ಳುತ್ತೇವೆ ಅಂದಿತ್ತು. ಇವರು ಒಪ್ಪಲಿಲ್ಲ. ತಮ್ಮ ದುಡ್ಡು, ತಮ್ಮ ಸಿನಿಮಾ, ಬಗ್ಗಬೇಕಾದ ಯಜಮಾನ ಯಾರೂ ಇರಲಿಲ್ಲ.

ಇನ್ನು ನೋಡಿದವರ ಅಭಿಪ್ರಾಯದ ವಿಷಯ. ಬಿಡುಗಡೆಯಾದಾಗ ‘ವೆರೈಟಿ’ ಪತ್ರಿಕೆ ಈ ಚಿತ್ರವನ್ನು ಉಗಿದು ಉಪ್ಪಿನಕಾಯಿ ಹಾಕಿತು, ಮಾಡಿದವರ ಮನಸ್ಸೇ ಸರಿಯಿಲ್ಲ ಎಂಬ ಧಾಟಿಯಲ್ಲಿ. ನನಗೆ ಹೆಚ್ಚು ಮುಖ್ಯವಾದದ್ದು 1969ರ ಜನವರಿಯಲ್ಲಿ ಷಿಕಾಗೋದ ವಿಮರ್ಶಕ ರೋಜರ್ ಈಬರ್ಟ್ ಬರೆದದ್ದು. ಮಕ್ಕಳೇ ತುಂಬಿದ್ದ ಮಧ್ಯಾಹ್ನದ ಆಟಕ್ಕೆ ಅವರು ಹೋಗಿದ್ದರು. ಮೊದಲು ಕಿರುಚಾಟ, ನಗು. ಬರಬರುತ್ತಾ ಸದ್ದಡಗಿತು. ಆಚೆ ಸಾಲಿನಲ್ಲಿ ಒಂಬತ್ತು ವರ್ಷದ್ದಿರಬಹುದಾದ ಒಂದು ಹುಡುಗಿ ಅಲ್ಲಾಡದೆ ಕೂತು ಅಳುತ್ತಿದ್ದಳು ಎಂದು ಬರೆದಿದ್ದಾರೆ. ಇಂಥದ್ದಕ್ಕೆ ಮಕ್ಕಳನ್ನು ಒಳಗೆ ಬಿಟ್ಟವರ ಮೇಲೆ ಅವರಿಗೆ ಸಿಟ್ಟು. ಆ ಸಿಟ್ಟು ನ್ಯಾಯವಾದದ್ದೇ. ಆದರೆ ನೋಡಿ, ಅಭಿಪ್ರಾಯ ಅಂದರೆ ಇದು. ಕಣ್ಣು ಬಿಟ್ಟು ನೋಡಿದ್ದನ್ನು ನೋಡಿದ ಹಾಗೇ ಬರೆದಿದ್ದಾರೆ. ಮುಂದೆ ಮಧ್ಯರಾತ್ರಿ ಆಟಗಳಿಗೆ ಜನ ಮತ್ತೆ ಮತ್ತೆ ಬಂದು ಇದನ್ನು ಉಳಿಸಿಕೊಂಡರು. 1999ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆ ಪಟ್ಟಿಗೂ ಸೇರಿತು.

ನಮ್ಮಲ್ಲಿ ಈಗ ಅಭಿಪ್ರಾಯ ಅಂದರೆ ಇಂಟರ್ವಲ್‌ನಲ್ಲೇ ಮೊಬೈಲ್ ತೆಗೆದು ಐದಕ್ಕೆ ಎರಡು ಸ್ಟಾರ್ ಒತ್ತುವುದು. ‘ಟೈಮ್ ವೇಸ್ಟ್ ಗುರು’ ಅಂದರೆ ವಿಮರ್ಶೆ ಮುಗಿಯಿತು. ಯಾವ ದೃಶ್ಯ, ಯಾಕೆ ಅಂತ ಕೇಳಿದರೆ ಉತ್ತರವಿಲ್ಲ. ಇದಕ್ಕಿಂತ ನನಗೆ ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ಕನ್ನಡದಲ್ಲಿ ಯಾರಾದರೂ ಹುಡುಗರು ಸಾಲ ಸೋಲ ಮಾಡಿ ಒಂದು ಹಾರರ್ ಸಿನಿಮಾ ತೆಗೆದರೆ ‘ಹೊಸಬರ ಪ್ರಯತ್ನ, ಬೆನ್ನು ತಟ್ಟಬೇಕು’ ಎಂದು ಬರೆಯುತ್ತೇವಲ್ಲ, ಅದಕ್ಕೆ. ಒಳಗೇನಿದೆ ಅಂತ ನೋಡುವ ತಾಳ್ಮೆ ಇಲ್ಲದವರು ಬೆನ್ನು ತಟ್ಟಿ ಸಾಗಹಾಕುತ್ತಾರೆ. ಆ ಹುಡುಗರು ಬೆಳಕು ಎಲ್ಲಿಟ್ಟರು, ಸದ್ದನ್ನು ಎಲ್ಲಿ ನಿಲ್ಲಿಸಿದರು, ಹೆದರಿಕೆ ಯಾವ ಜಾಗದಲ್ಲಿ ಕೈಕೊಟ್ಟಿತು, ಇದನ್ನು ಒಬ್ಬರಾದರೂ ಹೇಳಬೇಡವಾ? ಚೆನ್ನಾಗಿಲ್ಲದಿದ್ದರೆ ಇಲ್ಲ ಅನ್ನಿ, ಕಾರಣ ಕೊಡಿ. ಅವರು ಮುಂದಿನದನ್ನು ಚೆನ್ನಾಗಿ ತೆಗೆಯುತ್ತಾರೆ. ಬರೀ ಕನಿಕರದಿಂದ ಯಾವ ನಿರ್ದೇಶಕನೂ ಬೆಳೆದದ್ದಿಲ್ಲ. ಆ ಚಿತ್ರಗಳಿಗೆ ಎರಡನೇ ವಾರ ಥಿಯೇಟರ್ ಸಿಗುವುದಿಲ್ಲ ಎಂಬುದು ಇನ್ನೊಂದು ಗೋಳು, ಅದರ ಬಗ್ಗೆ ಈ ಪುಟದಲ್ಲಿ ಮತ್ತೆ ಬರೆಯುತ್ತೇನೆ.

ತೂರಾಡುವ ಸತ್ತವರ ಬಗ್ಗೆ ಒಂದು ಮಾತು ಬಾಕಿ ಇದೆ. ಅವರಿಂದ ಓಡಿ ತಪ್ಪಿಸಿಕೊಳ್ಳಬಹುದು, ನಿಜ. ಎಲ್ಲಿಗೆ ಓಡುತ್ತೀರಿ? ಚಿತ್ರದಲ್ಲಿ ರೇಡಿಯೊ ಮನೆಯೊಳಗೇ ಇರಿ ಅನ್ನುತ್ತದೆ, ಆಮೇಲೆ ಟಿವಿ ರಕ್ಷಣಾ ಕೇಂದ್ರಕ್ಕೆ ಹೋಗಿ ಅನ್ನುತ್ತದೆ. ಅದನ್ನು ನಂಬಿ ಹೊರಟ ಪ್ರೇಮಿಗಳ ಗಾಡಿ ಪೆಟ್ರೋಲ್ ಪಂಪಿನ ಹತ್ತಿರ ಬೆಂಕಿಗೆ ಸಿಕ್ಕಿ ಸಿಡಿಯುತ್ತದೆ. ನಾಯಕಿ ಸೋಫಾ ಮೇಲೆ ಮಾತಿಲ್ಲದೆ ಕೂತದ್ದೂ ಸುಮ್ನೆ ಅಲ್ಲ. ಕಣ್ಣೆದುರಿಗೆ ಅಣ್ಣ ಬಿದ್ದದ್ದನ್ನು ನೋಡಿ ಬಂದವಳು ಹಾಗಲ್ಲದೆ ಇನ್ನು ಹೇಗೆ ಕೂರುತ್ತಾಳೆ?

ಇನ್ನೊಂದು ಸಲ ನೋಡಿ. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಮತ್ತು ಫಿಲ್ಮ್ ಫೌಂಡೇಶನ್ ಸೇರಿ 2016ರಲ್ಲಿ ಸರಿಪಡಿಸಿದ ಪ್ರತಿಯನ್ನೇ ಹುಡುಕಿ. ಬಣ್ಣ ಬಳಿದ ಪ್ರತಿಗಳೂ ಓಡಾಡುತ್ತಿವೆ, ಅವನ್ನು ಮಾತ್ರ ಮುಟ್ಟಬೇಡಿ. ಆಮೇಲೆ ನೆಲಮಾಳಿಗೆಯ ವಿಷಯದಲ್ಲಿ ಕೂಪರ್ ಸರಿಯೋ ಬೆನ್ ಸರಿಯೋ ಅಂತ ಅಪ್ಪ ಮಗಳು ಇಬ್ಬರೂ ಬೇರೆ ಬೇರೆ ಬರೆದು ಕಳಿಸಿ. ಎರಡನ್ನೂ ಅಕ್ಕಪಕ್ಕ ಹಾಕುತ್ತೇನೆ, ಮಗಳದ್ದು ಮೊದಲು.