ವಾಟ್ಸ್‌ಆ್ಯಪ್ ಗುಂಪಿಗೆ ಬಂದ ದೂರು ಕಡತಕ್ಕೂ ಸೇರಬೇಕೇ?

ಪ್ರಶ್ನೆ: ನಾನು ಗ್ರಾಮ ಪಂಚಾಯಿತಿಯೊಂದರಲ್ಲಿ ಅಭಿವೃದ್ಧಿ ಅಧಿಕಾರಿ. ನೀರು, ಬೀದಿದೀಪದ ದೂರುಗಳಿಗಾಗಿ ಗ್ರಾಮಸ್ಥರ ವಾಟ್ಸ್‌ಆ್ಯಪ್ ಗುಂಪು ಮಾಡಿದ್ದೇನೆ. ಕೆಲಸ ಬೇಗ ಆಗುತ್ತಿದೆ. ಆದರೆ ಜನ ಅಲ್ಲಿಯೇ ಆಧಾರ್ ಕಾರ್ಡಿನ ಚಿತ್ರ ಹಾಕುತ್ತಾರೆ, ಸರ್ಕಾರದ ಬಗ್ಗೆ ನನ್ನ ಅಭಿಪ್ರಾಯ ಕೇಳುತ್ತಾರೆ. ಮೇಲಧಿಕಾರಿಗಳ ಸೂಚನೆಗಳೂ ಈಗ ಇನ್ನೊಂದು ಗುಂಪಿನಲ್ಲಿಯೇ ಬರುತ್ತವೆ. ನಾಳೆ ತಕರಾರು ಬಂದರೆ ನನಗೆ ರಕ್ಷಣೆ ಏನು? ಗುಂಪನ್ನು ಮುಚ್ಚಿಬಿಡಲೇ?

ಉತ್ತರ: ಮುಚ್ಚಬೇಡಿ. ಕೂಲಿ ಬಿಟ್ಟು ಕಚೇರಿಗೆ ಬರಲಾಗದವರು ಒಡೆದ ಪೈಪಿನ ಚಿತ್ರ ಕಳಿಸಿ, ಅದೇ ದಿನ ನೀರುಗಂಟಿ ಬಂದು ಸರಿಪಡಿಸುವಂತಾದರೆ ಅದು ಬೆಲೆಯುಳ್ಳ ಸೇವೆ. ಸರ್ಕಾರಿ ಸಂಸ್ಥೆಗಳು ಸಾಮಾಜಿಕ ಜಾಲತಾಣಗಳನ್ನು ಬಳಸುವ ಬಗೆಗೆ ಕೇಂದ್ರದ ಮಾಹಿತಿ ತಂತ್ರಜ್ಞಾನ ಇಲಾಖೆ 2012ರಲ್ಲಿಯೇ ಮಾರ್ಗಸೂಚಿ ಹೊರಡಿಸಿದೆ. ಆದ್ದರಿಂದ ಗುಂಪು ಮಾಡಿದ್ದರಲ್ಲಿ ತಪ್ಪಿಲ್ಲ. ನಿಮ್ಮ ಕಷ್ಟ ಬೇರೆಡೆ ಇದೆ: ಕಚೇರಿಯ ನೆನಪು ಈಗ ನಿಮ್ಮ ಫೋನಿನೊಳಗೆ ಮಾತ್ರ ಉಳಿಯುತ್ತಿದೆ.

ಮಾಹಿತಿ ಹಕ್ಕು ಅಧಿನಿಯಮ, 2005ರ 2(ಎಫ್) ಪ್ರಕರಣವು ‘ಮಾಹಿತಿ’ ಎಂಬುದರಲ್ಲಿ ಆದೇಶ, ಸುತ್ತೋಲೆ, ಇ-ಮೇಲ್, ಸಲಹೆಗಳ ಜೊತೆಗೆ ವಿದ್ಯುನ್ಮಾನ ರೂಪದಲ್ಲಿರುವ ಸಾಮಗ್ರಿಯನ್ನೂ ಸೇರಿಸುತ್ತದೆ. ಹೀಗಿರುವಾಗ, ಕಚೇರಿಯ ಕೆಲಸಕ್ಕಾಗಿಯೇ ನಡೆದ ಗುಂಪಿನ ಮಾತುಕತೆಯನ್ನು ಖಾಸಗಿ ಎಂದು ವಾದಿಸುವುದು ಕಷ್ಟ. ನಿಗದಿತ ಅವಧಿಯಲ್ಲಿ ಸಂದೇಶಗಳು ತಾವಾಗಿಯೇ ಅಳಿಸಿಹೋಗುವ ವ್ಯವಸ್ಥೆಯನ್ನು ಅಂಥ ಗುಂಪಿನಲ್ಲಿ ಇಡುವುದಂತೂ ಸಲ್ಲದು. ದಿನದ ಕೊನೆಗೆ ಬಂದ ದೂರು, ದಿನಾಂಕ, ಯಾರಿಗೆ ವಹಿಸಲಾಯಿತು, ಏನಾಯಿತು ಎಂಬುದನ್ನು ಪಂಚಾಯಿತಿಯ ದೂರು ವಹಿಯಲ್ಲಿ ಬರೆಸಿ, ಆ ಸಂಖ್ಯೆಯನ್ನು ಗುಂಪಿನಲ್ಲಿ ತಿಳಿಸಿ. ಹತ್ತು ನಿಮಿಷದ ಕೆಲಸ. ಆದರೆ ಆರು ತಿಂಗಳ ನಂತರ ‘ಆ ಬೀದಿಗೆ ನೀರೇ ಬಿಡಲಿಲ್ಲ’ ಎಂಬ ಆರೋಪ ಬಂದಾಗ ನಿಮ್ಮ ಪರವಾಗಿ ಮಾತಾಡುವುದು ಆ ವಹಿ ಒಂದೇ.

ಇಲ್ಲೊಂದು ಎಚ್ಚರಿಕೆ. ಗಡುವಿನೊಳಗೆ ಸೇವೆ ಕೊಡಬೇಕೆನ್ನುವ ‘ಸಕಾಲ’ ಕಾಯ್ದೆಯ ಅಡಿ ಬರುವ ಸೇವೆಗಳನ್ನು ಕೋರುವವರಿಗೆ ಗುಂಪಿನಲ್ಲಿ ‘ಆಯ್ತು, ನೋಡೋಣ’ ಎಂದು ಉತ್ತರಿಸಬೇಡಿ. ಅರ್ಜಿ ಸ್ವೀಕೃತವಾಗಿ ಸಕಾಲ ಸಂಖ್ಯೆ ದೊರೆತ ಮೇಲೆಯೇ ಗಡುವಿನ ಲೆಕ್ಕ ಶುರುವಾಗುವುದರಿಂದ, ಸಂದೇಶವನ್ನೇ ಅರ್ಜಿ ಎಂದು ನಂಬಿ ಕಾದ ಬಡವನಿಗೆ ಕಾಯ್ದೆ ಕೊಟ್ಟ ಹಕ್ಕೇ ತಪ್ಪಿಹೋಗುತ್ತದೆ. ಅವರನ್ನು ಅರ್ಜಿ ಸ್ವೀಕರಿಸುವ ಕೇಂದ್ರಕ್ಕೆ ಕರೆಸಿ ಅರ್ಜಿ ಹಾಕಿಸಿ.

ಮೇಲಧಿಕಾರಿಗಳ ಸೂಚನೆಯ ವಿಷಯ ಇನ್ನೂ ಗಂಭೀರವಾದದ್ದು. ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ, ಅಧಿಕಾರಿಗಳು ಮೌಖಿಕ ಸೂಚನೆಗಳನ್ನು ದಾಖಲಿಸದೆ ಅವುಗಳಂತೆ ನಡೆದರೆ ನಾಗರಿಕರ ಮಾಹಿತಿ ಹಕ್ಕೇ ನಿಷ್ಫಲವಾಗಬಹುದೆಂದು ಎಚ್ಚರಿಸಿತು. ಗುಂಪಿನಲ್ಲಿ ಬಂದ ಒಂದು ಸಾಲು ಅಕ್ಷರದಲ್ಲಿದ್ದರೂ ಕಡತಕ್ಕೆ ಸೇರುವವರೆಗೆ ಅದರ ಸ್ಥಿತಿ ಮೌಖಿಕ ಸೂಚನೆಗಿಂತ ಹೆಚ್ಚು ಭದ್ರವಲ್ಲ ಎಂದು ನಾನು ಭಾವಿಸುತ್ತೇನೆ. ಹಣ ಪಾವತಿ, ತೆರವು, ಖಾತೆ ಬದಲಾವಣೆ ಮೊದಲಾದ, ಯಾರದ್ದಾದರೂ ಹಕ್ಕಿಗೆ ತಾಗುವ ಸೂಚನೆ ಬಂದಾಗ, ‘ಇಂಥ ದಿನ, ಇಂಥ ಸಮಯಕ್ಕೆ ತಾವು ನೀಡಿದ ಸೂಚನೆಯಂತೆ ಕ್ರಮ ಕೈಗೊಳ್ಳಲು ಲಿಖಿತ ಆದೇಶ ಕೋರಿದೆ’ ಎಂದು ಅಧಿಕೃತ ಇ-ಮೇಲ್ ಅಥವಾ ಇ-ಕಚೇರಿ ಟಿಪ್ಪಣಿಯ ಮೂಲಕ ವಿನಯದಿಂದಲೇ ಬರೆಯಿರಿ. ಇದು ಅವಿಧೇಯತೆಯಲ್ಲ. ಸೇವೆಯಲ್ಲಿದ್ದಾಗ ನಾನು ಒಂದು ಸಾಲಿನ ಇಂಥ ಪತ್ರ ಬರೆಯಲು ಸಂಕೋಚಪಟ್ಟು, ಆಮೇಲೆ ವಿವರಣೆಯ ಮೇಲೆ ವಿವರಣೆ ಕೊಡುತ್ತಾ ವರ್ಷ ಕಳೆದಿದ್ದೇನೆ.

ಆಧಾರ್ ಚಿತ್ರಗಳನ್ನು ಕಂಡ ಕೂಡಲೇ ಅಳಿಸಿ. ಆಧಾರ್ ಕಾಯ್ದೆಯ 29(4)ನೇ ಪ್ರಕರಣ ಆ ಸಂಖ್ಯೆಯನ್ನು ಸಾರ್ವಜನಿಕವಾಗಿ ಪ್ರಕಟಿಸುವುದನ್ನು ನಿರ್ಬಂಧಿಸುತ್ತದೆ. ಫಲಾನುಭವಿಗಳ ಪಟ್ಟಿಯನ್ನು ಬ್ಯಾಂಕ್ ಖಾತೆ ಸಂಖ್ಯೆಯ ಸಮೇತ ಗುಂಪಿಗೆ ಹಾಕುವ ಅಭ್ಯಾಸ ನಿಮ್ಮ ಸಿಬ್ಬಂದಿಗಿದ್ದರೆ ಅದನ್ನೂ ಇಂದೇ ನಿಲ್ಲಿಸಿ. ಸದಸ್ಯರು ಹಾಕುವ ಆಕ್ಷೇಪಾರ್ಹ ಸಂದೇಶಗಳಿಗೆ ಗುಂಪಿನ ಅಡ್ಮಿನ್ ಆದ ಮಾತ್ರಕ್ಕೆ ಕ್ರಿಮಿನಲ್ ಹೊಣೆಗಾರನಾಗುವುದಿಲ್ಲ ಎಂದು ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಆದರೂ ಸರ್ಕಾರಿ ನೌಕರರಾದ ನೀವು ಅಂಥದ್ದನ್ನು ಕಂಡೂ ಬಿಟ್ಟರೆ ಇಲಾಖೆ ಪ್ರಶ್ನಿಸಬಹುದು.

ಇನ್ನು ನಿಮ್ಮ ಅಭಿಪ್ರಾಯದ ಮಾತು. ನೌಕರಿಗೆ ಸೇರಿದ ಮಾತ್ರಕ್ಕೆ ಮೂಲಭೂತ ಹಕ್ಕುಗಳು ಹೋಗುವುದಿಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ 1962ರ ಕಾಮೇಶ್ವರ ಪ್ರಸಾದ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ; ಫೇಸ್‌ಬುಕ್ ಬರಹವೊಂದರ ಸಂಬಂಧ ನೌಕರರೊಬ್ಬರ ವಾಕ್ ಸ್ವಾತಂತ್ರ್ಯವನ್ನು ತ್ರಿಪುರಾ ಹೈಕೋರ್ಟ್ 2020ರಲ್ಲಿ ಎತ್ತಿಹಿಡಿದಿದೆ. ಆದರೆ ಕರ್ನಾಟಕದ ನಡತೆ ನಿಯಮಗಳು, 2021 ಸರ್ಕಾರದ ನೀತಿಯನ್ನು ಬಹಿರಂಗವಾಗಿ ಟೀಕಿಸುವುದನ್ನು ನಿರ್ಬಂಧಿಸುತ್ತವೆ. ಹೀಗಾಗಿ ಕಚೇರಿಯ ಗುಂಪಿನಲ್ಲಿ ಯೋಜನೆಯ ವಿವರ ಕೊಡಿ, ಯೋಜನೆಯ ಮೇಲೆ ತೀರ್ಪು ಕೊಡಬೇಡಿ.

ಕೊನೆಯದಾಗಿ, ಈ ಗುಂಪು ನಿಮ್ಮ ಸ್ವಂತ ಸಂಖ್ಯೆಯಲ್ಲಿದ್ದರೆ ಪಂಚಾಯಿತಿಯ ಹೆಸರಿನಲ್ಲಿ ಒಂದು ಸಿಮ್ ಪಡೆದು ಅದಕ್ಕೆ ವರ್ಗಾಯಿಸಿ. ನಿಮಗೆ ವರ್ಗಾವಣೆಯಾದ ದಿನ ನಗದು ಪುಸ್ತಕ, ಬೀಗದ ಕೈಗಳ ಜೊತೆಗೆ ಆ ಸಿಮ್ ಮತ್ತು ಗುಂಪಿನ ಹೆಸರು ಕೂಡ ಪ್ರಭಾರ ಪಟ್ಟಿಯಲ್ಲಿರಲಿ.