ಕಬ್ಬಿನ ಹಾಲು ಬೆಲ್ಲ ಆಗಲು ಎಷ್ಟು ಕಾವು ಬೇಕು? ಡಿಗ್ರಿ ಲೆಕ್ಕ ಯಾಕೆ ತಾಳೆ ಆಗೋದಿಲ್ಲ?

ನೀವು ಕೇಳಿದ್ದು ಇಷ್ಟು: ಮಹಾಲಿಂಗಪುರದ ಹತ್ತಿರದ ಗಾಣವೊಂದರಲ್ಲಿ 1,000 ಕೆಜಿ ಕಬ್ಬಿನ ಹಾಲನ್ನು 28 ಡಿಗ್ರಿಯಿಂದ 118 ಡಿಗ್ರಿಗೆ ಒಯ್ಯಲು ರಾಶಿ × ವಿಶಿಷ್ಟೋಷ್ಣ (ಒಂದು ಕೆಜಿಯನ್ನು ಒಂದು ಡಿಗ್ರಿ ಏರಿಸಲು ಬೇಕಾದ ಕಾವು) × ತಾಪ ವ್ಯತ್ಯಾಸ ಅಂತ ಗುಣಿಸಿದಿರಿ, 376 ಮೆಗಾಜೂಲ್ ಬಂತು. ಅದಕ್ಕೆ ಕಬ್ಬು ಹಿಂಡಿ ಉಳಿದ ಒಣ ಸಿಪ್ಪೆ 24 ಕೆಜಿ ಸಾಕಾಗಬೇಕು, ಆದರೆ ಒಲೆ ಐದು ಕ್ವಿಂಟಲ್ ನುಂಗುತ್ತದೆ, ಯಾಕೆ?

ಗುಣಾಕಾರದಲ್ಲಿ ತಪ್ಪಿಲ್ಲ, ಸೂತ್ರದ ಆಯ್ಕೆಯಲ್ಲಿದೆ. ಕೊಪ್ಪರಿಗೆಯಲ್ಲಿ ಕಾವು ಖರ್ಚಾಗುವುದು ಡಿಗ್ರಿ ಏರಿಸಲಿಕ್ಕಲ್ಲ, ನೀರನ್ನು ಉಗಿ ಮಾಡಲಿಕ್ಕೆ. ಹಾಗಾಗಿ ನಾನು ಥರ್ಮಾಮೀಟರ್ ಬದಿಗಿಟ್ಟು ಮೊದಲು ತೂಕದ ಲೆಕ್ಕ ಹಾಕುತ್ತೇನೆ.

ಹಾಲು 18 ಬ್ರಿಕ್ಸ್ ಇದೆ ಅನ್ನಿ, ಅಂದರೆ ತೂಕದಲ್ಲಿ ಶೇ. 18 ಕರಗಿದ ಪದಾರ್ಥ, ಹೆಚ್ಚಿನದು ಸಕ್ಕರೆ. 1,000 ಕೆಜಿಯಲ್ಲಿ 180 ಕೆಜಿ ಕರಗಿದ ಪದಾರ್ಥ, ಉಳಿದ 820 ಕೆಜಿ ನೀರು. ಬೆಲ್ಲದಲ್ಲಿ ಶೇ. 5ರಷ್ಟು ನೀರು ಉಳಿದರೆ ಬೆಲ್ಲ 180 ÷ 0.95, ಅಂದರೆ 189.5 ಕೆಜಿ. ಉಗಿಯಾಗಿ ಹೋಗಬೇಕಾದ ನೀರು 810.5 ಕೆಜಿ. (ಮೇಲೆ ಬರುವ ಕೊಳೆನೊರೆ ತೆಗೆಯುವುದನ್ನು ಇಲ್ಲಿ ಬಿಟ್ಟಿದ್ದೇನೆ.) ಒಂದು ಎಚ್ಚರಿಕೆ: ಲೀಟರನ್ನೇ ಕೆಜಿ ಅಂತ ಹಿಡಿಯಬೇಡಿ, ಈ ಹಾಲು 1,000 ಲೀಟರ್ ಇದ್ದರೆ ತೂಕ 1,070 ಕೆಜಿ ದಾಟುತ್ತದೆ.

ಈಗ ಕಾವು. ಕುದಿ ಬರುವವರೆಗಿನದು ಮೊದಲ ಹಂತ. ನಮ್ಮ ಭಾಗ ಸಮುದ್ರಮಟ್ಟಕ್ಕಿಂತ ಐದಾರು ನೂರು ಮೀಟರ್ ಮೇಲಿರುವುದರಿಂದ ನೀರು 98 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಹಾಲಿನ ವಿಶಿಷ್ಟೋಷ್ಣ ನೀರಿನ 4.18 ಅಲ್ಲ, 18 ಬ್ರಿಕ್ಸ್‌ಗೆ ಸುಮಾರು 3.74. ಹಾಗಾಗಿ 1,000 × 3.74 × 70 = 262 ಮೆಗಾಜೂಲ್.

ಎರಡನೆಯದು ಉಗಿ. 98 ಡಿಗ್ರಿಯಲ್ಲಿ ನೀರಿನ ಗುಪ್ತೋಷ್ಣ (ತಾಪ ಏರದೆ ನೀರನ್ನು ಉಗಿ ಮಾಡಲಿಕ್ಕೆ ಬೇಕಾದ ಕಾವು) ಕೆಜಿಗೆ 2,262 ಕಿಲೋಜೂಲ್. 810.5 × 2,262 = 1,833 ಮೆಗಾಜೂಲ್. ನಿಮ್ಮ ಲೆಕ್ಕದಲ್ಲಿ ಬಿಟ್ಟುಹೋದದ್ದು ಇದೇ.

98ರಿಂದ 118ಕ್ಕೆ ಏರುವುದು ಮೂರನೆಯದು. ಇಲ್ಲಿ 1,000 ಕೆಜಿಯನ್ನೇ ಗುಣಿಸುವುದು ಬಹಳ ಜನ ಮಾಡುವ ತಪ್ಪು. ಕೊಪ್ಪರಿಗೆ ಪಕ್ಕ ನಿಂತು ನೋಡಿ: ಹಾಲು 65 ಬ್ರಿಕ್ಸ್‌ಗೆ ಬರುವ ಹೊತ್ತಿಗೆ ಒಳಗೆ ಉಳಿದಿರುವುದು 277 ಕೆಜಿ ಮಾತ್ರ, ಹೋಗಬೇಕಾದ ನೀರಿನಲ್ಲಿ ಹತ್ತಕ್ಕೆ ಒಂಬತ್ತು ಪಾಲು ಹೋಗಿಯಾಗಿದೆ, ಆದರೂ ತಾಪ ಏರಿರುವುದು ನಾಲ್ಕೈದು ಡಿಗ್ರಿ ಅಷ್ಟೇ. ಉಳಿದ ಏರಿಕೆ ಎಲ್ಲ ಕೊನೆಗೆ, ಪಾಕ ಗಟ್ಟಿಯಾಗುವಾಗ ಸರಸರನೆ ಆಗುತ್ತದೆ. ಆಗ ರಾಶಿಯೂ ಕಡಿಮೆ, ವಿಶಿಷ್ಟೋಷ್ಣವೂ ಅರ್ಧದ ಹತ್ತಿರ ಇಳಿದಿರುತ್ತದೆ. ಈ ಹಂತಕ್ಕೆಲ್ಲ ಸೇರಿ 15 ಮೆಗಾಜೂಲ್ ಹಿಡಿದರೆ ಸಾಕು. 118 ಡಿಗ್ರಿ ಹದ ನೋಡಲಿಕ್ಕೆ ಬೇಕು, ಉರುವಲು ಲೆಕ್ಕಕ್ಕೆ ಅದರ ಪಾತ್ರ ನಗಣ್ಯ. ಹದ ನೋಡುವಾಗ ಥರ್ಮಾಮೀಟರ್ ತುದಿ ತಳಕ್ಕೆ ತಾಗಿದರೆ ಹೆಚ್ಚು ತೋರಿಸುತ್ತದೆ, ಪಾಕದ ನಡುವೆ ಹಿಡಿಯಿರಿ.

ಒಟ್ಟು 2,110 ಮೆಗಾಜೂಲ್. ಶೇ. 10 ತೇವ ಇರುವ ಸಿಪ್ಪೆ ಕೆಜಿಗೆ ಸುಮಾರು 16 ಮೆಗಾಜೂಲ್ ಕೊಡುತ್ತದೆ. ಹಳೇ ಮಾದರಿಯ ಒಂದೇ ಕೊಪ್ಪರಿಗೆಯ ಒಲೆಯ ದಕ್ಷತೆ, ಅಂದರೆ ಉರಿಯ ಕಾವಿನಲ್ಲಿ ಹಾಲಿಗೆ ಸೇರುವ ಪಾಲು, ಶೇ. 25 ಅಂತ ಹಿಡಿಯಿರಿ. 2,110 ÷ 0.25 ÷ 16 = 527 ಕೆಜಿ. ನೀವು ಕಂಡ ಐದು ಕ್ವಿಂಟಲ್ ಇಲ್ಲಿಗೆ ಬಂತು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಕಬ್ಬಿನಿಂದ ಶೇ. 60 ಹಾಲು ಬಂದರೆ 1,000 ಕೆಜಿ ಹಾಲಿಗೆ 667 ಕೆಜಿ ಹಸಿ ಸಿಪ್ಪೆ ಉಳಿಯುತ್ತದೆ. ಅದರಲ್ಲಿ ಅರ್ಧ ನೀರು, ಶೇ. 10 ತೇವಕ್ಕೆ ಒಣಗಿಸಿದರೆ 370 ಕೆಜಿ. ಬೇಕಾದದ್ದು 527. ಕೊರತೆ ತುಂಬಲು ರವದಿ (ಕಬ್ಬಿನ ಒಣ ಎಲೆ), ಕಟ್ಟಿಗೆ ತರಬೇಕಾಗುತ್ತದೆ. ಒಲೆಯ ದಕ್ಷತೆ ಶೇ. 36 ಮುಟ್ಟಿದರೆ ಗಾಣದ ಸಿಪ್ಪೆ ಗಾಣಕ್ಕೇ ಸಾಕು, ಹೊರಗಿನ ಉರುವಲೇ ಬೇಡ. ಒಲೆ ಸುಧಾರಿಸುವವರು ಈ ಒಂದು ಅಂಕಿಯನ್ನು ಗುರಿಯಾಗಿ ಇಟ್ಟುಕೊಳ್ಳಬೇಕು ಅನ್ನುವುದು ನನ್ನ ಅಭಿಪ್ರಾಯ.

ಹಸಿ ಸಿಪ್ಪೆ ಹಾಕಿದರೆ ಅದೇ ಗುಪ್ತೋಷ್ಣ ಒಲೆಯೊಳಗೂ ಕಾಡುತ್ತದೆ: ಸಿಪ್ಪೆಯ ನೀರನ್ನು ಉಗಿ ಮಾಡಲಿಕ್ಕೇ ಉರಿ ಖರ್ಚಾಗುತ್ತದೆ. ಶೇ. 30 ತೇವ ಇದ್ದರೆ ಕೆಜಿಗೆ 12 ಮೆಗಾಜೂಲ್, ಶೇ. 50 ಇದ್ದರೆ 8ಕ್ಕಿಂತ ಕಡಿಮೆ. ಹಾಲಿಗೆ ಬೀಳುವ ನೀರೂ ಹಾಗೇ. ಹಾಲಿನ ಕೊಳೆ ತೆಗೆಯಲು ಹಾಕುವ ಬೆಂಡೆ ಲೋಳೆಯ ಜೊತೆ, ಕೊಡ ತೊಳೆಯುವಾಗ 10 ಲೀಟರ್ ನೀರು ಹೆಚ್ಚಿಗೆ ಸೇರಿದರೆ ಅದನ್ನು ಹೊರಹಾಕಲು 25 ಮೆಗಾಜೂಲ್, ಅಂದರೆ ಈ ಒಲೆಯಲ್ಲಿ ಆರು ಕೆಜಿಗಿಂತ ಹೆಚ್ಚು ಸಿಪ್ಪೆ ಬೇಕು. ಕಬ್ಬು ಬಲಿತಷ್ಟೂ ಲಾಭ: 16 ಬ್ರಿಕ್ಸ್ ಹಾಲಿನಲ್ಲಿ ಕೆಜಿ ಬೆಲ್ಲಕ್ಕೆ 4.9 ಕೆಜಿ ನೀರು ಆರಿಸಬೇಕು, 20 ಬ್ರಿಕ್ಸ್‌ನಲ್ಲಿ 3.75 ಮಾತ್ರ.

ಹೊಗೆ ಕಾವಿನಿಂದ ಮುಂದಿನ ಹಾಲನ್ನು ಬಿಸಿ ಮಾಡಿಕೊಳ್ಳುವ ಎರಡನೇ ಕೊಪ್ಪರಿಗೆ ಒಳ್ಳೆಯದೇ, ಆದರೆ ಅಳತೆ ಮೀರಿ ನಿರೀಕ್ಷೆ ಬೇಡ. 28ರಿಂದ 70 ಡಿಗ್ರಿಗೆ ತಂದರೆ ಉಳಿಯುವುದು 157 ಮೆಗಾಜೂಲ್, ಒಟ್ಟಿನ ಶೇ. 7.4. ಆ ಕೊಪ್ಪರಿಗೆ ಕುದಿ ಬಂದು ಅಲ್ಲೇ ಉಗಿ ಬಿಡುವಂತಾದರೆ ಮಾತ್ರ ಉಳಿತಾಯ ದೊಡ್ಡದಾಗುತ್ತದೆ.