‘ಎದಿ ಡವಡವ’ ಅಂದರೂ ಟ್ಯಾಕಿಕಾರ್ಡಿಯಾ ಅಂದರೂ ಒಂದೇ ಏನು?

ಪ್ರಶ್ನೆ: ನಮ್ಮವ್ವ ಹದಿನೈದು ದಿನದಿಂದ ‘ಎದಿ ಡವಡವ ಅನ್ನಾಕತ್ತೈತಿ’ ಅಂತಿದ್ದಳು. ಹುಬ್ಬಳ್ಳಿಯಲ್ಲಿ ತೋರಿಸಿದೆವು. ಡಾಕ್ಟರು ಚೀಟಿಯಲ್ಲಿ ‘ಟ್ಯಾಕಿಕಾರ್ಡಿಯಾ’ ಎಂದು ಬರೆದರು. ಎರಡೂ ಒಂದೇ ಏನ್ರಿ? ಈ ಪದಗಳು ಎಲ್ಲಿಂದ ಬಂದವು?
– ಓದುಗರು, ಗದಗ

ಉತ್ತರ: ಒಂದೇ ಅಲ್ಲ. ಅವ್ವ ಹೇಳಿದ್ದು ತನಗೆ ಆದದ್ದನ್ನು, ಡಾಕ್ಟರು ಬರೆದದ್ದು ಎಣಿಸಿದ ಲೆಕ್ಕವನ್ನು.

ಗ್ರೀಕಿನಲ್ಲಿ ‘ಟಾಖಿಸ್’ ಅಂದರೆ ವೇಗದ, ‘ಕಾರ್ದಿಯಾ’ ಅಂದರೆ ಹೃದಯ. ಸುಮ್ಮನೆ ಕುಳಿತಾಗ ದೊಡ್ಡವರ ಎದೆ ನಿಮಿಷಕ್ಕೆ 60ರಿಂದ 100 ಸಲ ಬಡಿಯುತ್ತದೆ. ಆಗಲೂ 100 ದಾಟಿದರೆ ಟ್ಯಾಕಿಕಾರ್ಡಿಯಾ. ಇದು ಕಾಯಿಲೆಯ ಹೆಸರಲ್ಲ. ಜ್ವರ, ರಕ್ತಹೀನತೆ, ಥೈರಾಯ್ಡ್, ಹೃದಯದ ತೊಂದರೆ, ಹೀಗೆ ಕಾರಣವನ್ನು ಬೇರೆಯೇ ಹುಡುಕಬೇಕು.

‘ಡವಡವ’ ಹುಟ್ಟಿದ್ದು ಸದ್ದಿನಿಂದ. ಹೃದಯದ ಕವಾಟಗಳು ಮುಚ್ಚಿಕೊಳ್ಳುವಾಗ ಪ್ರತಿ ಬಡಿತಕ್ಕೂ ಎರಡು ಸದ್ದು; ವೈದ್ಯರು ಅದನ್ನು ‘ಲಬ್-ಡಬ್’ ಎನ್ನುತ್ತಾರೆ. ಶಾಲೆಯ ವ್ಯಾಕರಣದಲ್ಲಿ ಡವಡವ ಅನುಕರಣಾವ್ಯಯ, ಚಟಚಟ, ದಬದಬಗಳ ಬಳಗದ್ದು. ಕ್ರಿಯಾಪದ ಆಗಬೇಕಾದರೆ ‘ಅನ್ನು’ ಜೊತೆಗಿರಬೇಕು, ಇಲ್ಲವೇ ‘ಗುಟ್ಟು’ ಸೇರಿ ‘ಡವಗುಟ್ಟು’ ಆಗಬೇಕು, ಪಿಸುಗುಟ್ಟು, ಗೊಣಗುಟ್ಟು ಇದ್ದಂತೆ.

ಈ ಪದ ಜೋಡಿಯಾಗಿ ಬರುವುದಕ್ಕೂ ಅರ್ಥವಿದೆ. ಕೆಟ್ಟ ಸುದ್ದಿ ಕೇಳಿದಾಗ ‘ಎದಿ ಧಸಕ್ ಅಂತು’ ಅನ್ನುತ್ತೇವೆ, ಅದು ಒಂದೇ ಪೆಟ್ಟು. ‘ಝಲ್ ಅಂತು’ ಕೂಡ ಹಾಗೆಯೇ. ಬಡಿತ ಬಿಡದೆ ನಡೆದರೆ ಮಾತ್ರ ಡವಡವ. ಡಾಕ್ಟರಿಗೆ ಈ ವ್ಯತ್ಯಾಸ ಬಹಳ ಬೆಲೆಯದು: ಒಂದು ಬಡಿತ ತಪ್ಪಿ ಮುಂದಿನದು ಜೋರಾಗಿ ಬಿದ್ದಂತೆ ಆಯಿತೋ, ಒಂದೇ ಸಮನೆ ಓಡಿತೋ, ತಾಳ ತಪ್ಪಿ ಓಡಿತೋ ಎಂದು ಅವರು ಕೇಳಿಯೇ ಕೇಳುತ್ತಾರೆ. ಅವ್ವನಿಗೆ ಮಾತಿನಲ್ಲಿ ಹೇಳಲು ಬಾರದಿದ್ದರೆ ಟೇಬಲ್ ಮೇಲೆ ಬೆರಳಿನಿಂದ ಬಡಿದು ತೋರಿಸಲಿ. ಡಾಕ್ಟರ ಪರಿಭಾಷೆಯಲ್ಲಿ ‘ಡವಡವ’ಕ್ಕೆ ಹತ್ತಿರದ್ದು ‘ಪಾಲ್ಪಿಟೇಶನ್’, ಲ್ಯಾಟಿನ್ ಮೂಲದ್ದು. ನಾಡಿ 80 ಇದ್ದರೂ ಡವಡವ ಅನಿಸಬಹುದು, 110 ಇದ್ದರೂ ಏನೂ ಗೊತ್ತಾಗದಿರಬಹುದು.

ಆದ್ದರಿಂದ ಮನೆಯಲ್ಲಿಯೂ ಎಣಿಸಿ. ಅವ್ವ ಐದು ನಿಮಿಷ ಕುಳಿತ ಮೇಲೆ ಅವಳ ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಒಳಬದಿಯಲ್ಲಿ ನಿಮ್ಮ ಎರಡು ಬೆರಳಿಡಿ. ಹೆಬ್ಬೆರಳು ಬೇಡ, ಅದರದೇ ಮಿಡಿತ ಲೆಕ್ಕ ಕೆಡಿಸುತ್ತದೆ. 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ. ತಾಳ ತಪ್ಪುತ್ತಿದ್ದರೆ ಪೂರ್ತಿ ನಿಮಿಷ ಎಣಿಸಿ. ಹೊತ್ತು, ಅಂಕಿ, ಆಗ ಅವ್ವ ಏನು ಮಾಡುತ್ತಿದ್ದಳು ಎಂಬುದನ್ನು ಚೀಟಿಯ ಹಿಂದೆ ಬರೆದಿಡಿ. ಡವಡವದ ಜೊತೆ ಎದೆನೋವು, ಏದುಸಿರು ಇದ್ದರೆ, ಅಥವಾ ಕಣ್ಣು ಕತ್ತಲೆ ಬಂದು ಬಿದ್ದರೆ ಎಣಿಸುತ್ತ ಕೂರಬೇಡಿ, 108ಕ್ಕೆ ಕರೆ ಮಾಡಿ.